ಎರಡನೇ ಸ್ಯಾಂಪಲ್

ನನ್ನ ಗಿಟಾರಿನ ಸದ್ದು ತಗಡಿನ ಡಬ್ಬಿಯೊಳಗೆ ಸಿಕ್ಕಿಕೊಂಡ ಸೊಳ್ಳೆಯ ಹಾಗಿದೆ ಎಂದು ರಕ್ಷಿತ ಹೇಳಿದಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಾತು ಸುಳ್ಳಾಗಿದ್ದರೆ ನಕ್ಕು ಬಿಡುತ್ತಿದ್ದೆ. ನಿಜವಾಗಿತ್ತು, ಅದಕ್ಕೇ ಸಿಟ್ಟು.

ರಕ್ಷಿತ ಬೆಂಗಳೂರಿನವಳು. ಪುಣೆಯ ಹಡಪಸರದಲ್ಲಿ ನಮ್ಮಿಬ್ಬರದೂ ಒಂದೇ ಆಫೀಸು. ನಮ್ಮ ಬ್ಯಾಂಡಿಗೆ ಡ್ರಮ್ಮು ಬಾರಿಸುವವಳು, ಹಾಡುವವಳು, ಬೈಯುವವಳು ಎಲ್ಲ ಅವಳೇ. ಗಿಟಾರು ಮಾತ್ರ ನನ್ನದು. ಟೈರ್ ಅಂಗಡಿಯ ಮೇಲಿನ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು ಭಾನುವಾರ ಭಾನುವಾರ ತಾಲೀಮು ಮಾಡುತ್ತೇವೆ. ಬ್ಯಾಂಡಿನ ಹೆಸರು 'ಕೆಂಪು ಸಿಗ್ನಲ್'. ಹಡಪಸರದ ರಸ್ತೆಯಲ್ಲಿ ಸುಮ್ಮನೆ ನಿಂತಿರುವಾಗಲೇ ನಮ್ಮ ಅರ್ಧ ಹಾಡುಗಳು ಹುಟ್ಟಿದ್ದರಿಂದ ಆ ಹೆಸರಿಟ್ಟೆವು.

"ಸ್ನೇಹಲ್, ಸೀರಿಯಸ್ಸಾಗಿ ಹೇಳ್ತಿದೀನಿ ಕಣೇ," ಎಂದಳು ರಕ್ಷಿತ. "ತಳೇಗಾಂವದ ಕಾಲನಿಯವರು ಮೊದಲನೇ ಸಲ ನಮ್ಮನ್ನ ಪ್ರೋಗ್ರಾಮಿಗೆ ಕರೆದಿದಾರೆ. ನಿನ್ನ ಟೋನ್ ಹಿಂಗೇ ಇದ್ರೆ ಜನ ಎದ್ದು ಸೊಳ್ಳೆಬತ್ತಿ ಹುಡುಕ್ತಾರೆ. ಮುಂದಿನ ಸಂಡೆಗೆ ಸರಿ ಮಾಡ್ಕೊಂಡ್ ಬಾ. ಇಲ್ಲಾಂದ್ರೆ ಗಿಟಾರಿಗೆ ದೇವಾನಂದ ಬರ್ತಾನೆ. ನೀನು ಇದನ್ನ ಹಿಡಿ."

'ಇದು' ಅಂದರೆ ಟ್ಯಾಂಬೊರಿನ್. ಸುತ್ತ ಗೆಜ್ಜೆಬಿಲ್ಲೆ ಇರುವ ಬಳೆಯಂಥ ವಾದ್ಯ. ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತ ನಗುತ್ತ ನಿಲ್ಲಬೇಕು. ದೇವಾನಂದ ನಮ್ಮ ಆಫೀಸಿನವನೇ. ಅವನಿಗೆ ಬರುವುದು ಮೂರೇ ಮೂರು ಸ್ವರಮೇಳ, ಆದರೆ ಅವನ ಗಿಟಾರು ದುಬಾರಿಯದು. ಆ ಮೂರನ್ನೇ ಅವನು ಬಾರಿಸಿದರೂ ಕೋಣೆ ತುಂಬುತ್ತದೆ. ಎಂಟು ವರ್ಷ ಬೆರಳ ತುದಿ ಸವೆಸಿದ ನಾನು ಅವನ ಪಕ್ಕದಲ್ಲಿ ಬಳೆ ಅಲ್ಲಾಡಿಸುತ್ತ ನಿಲ್ಲಬೇಕೇ? ಅದಕ್ಕಿಂತ ಮುಠಾ ನದಿಗೆ ಹಾರುತ್ತೇನೆ ಅಂದುಕೊಂಡೆ. ನದಿಯಲ್ಲಿ ನೀರಿರಲಿಲ್ಲ, ಆ ಮಾತು ಬೇರೆ.

ತಿಳಿದವರೆಲ್ಲ ಹೇಳಿದ್ದು ಒಂದೇ: ಗಿಟಾರು ಬದಲಿಸಬೇಡ, ಪಿಕಪ್ ಬದಲಿಸು. ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದನೆಯ ಒಂದು ಡಬ್ಬಿ ಇರುತ್ತದೆ. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ತಂತಿ ನಡುಗಿದ್ದನ್ನು ಹಿಡಿದು ಸ್ಪೀಕರಿಗೆ ಮುಟ್ಟಿಸುವುದು ಅದರ ಕೆಲಸ. ಅದೇ ಪಿಕಪ್. ಅದು ಕಳಪೆಯಾಗಿದ್ದರೆ ನೀವು ದೇವಲೋಕದ ಸಂಗೀತ ಬಾರಿಸಿದರೂ ಹೊರಗೆ ಬರುವುದು ಸೊಳ್ಳೆಯೇ.

ಈ ಸುದ್ದಿಯನ್ನು ನಾನು ಮನೆಯಲ್ಲಿ ಹೇಳಬಾರದಾಗಿತ್ತು. ನಮ್ಮಪ್ಪ ಶಿವಪುತ್ರಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಒಣಮೆಣಸಿನಕಾಯಿ ವ್ಯಾಪಾರಿ. ಗದಗಿನ ಕಡೆಯಿಂದ ಬಂದು ಪುಣೆಯಲ್ಲಿ ನೆಲೆ ನಿಂತವರು. ಸ್ಯಾಂಪಲ್ ನೋಡದೆ ಒಂದು ಕಡ್ಡಿಯನ್ನೂ ಮನೆಯೊಳಗೆ ಬಿಡುವವರಲ್ಲ. ಫ್ರಿಜ್ ಕೊಳ್ಳುವ ಮುಂಚೆ ಅಂಗಡಿಯಲ್ಲಿ ಅದರ ಹೊಟ್ಟೆಗೆ ಕಿವಿ ಹಚ್ಚಿ ಅರ್ಧ ತಾಸು ನಿಂತಿದ್ದರು. ನನ್ನನ್ನು ಕಾಲೇಜಿಗೆ ಸೇರಿಸುವ ಮುಂಚೆ ಅಲ್ಲಿನ ಕ್ಯಾಂಟೀನಿನ ಚಹಾ ಕುಡಿದು ಬಂದಿದ್ದರು.

"ಪಿಕಪ್ ಅಂದ್ರ ಗಾಡಿ ಅಲ್ಲೇನು?" ಎಂದು ಮೊದಲು ಕೇಳಿದರು. ಅಲ್ಲ ಎಂದು ವಿವರಿಸಿದೆ. ಅಪ್ಪ ತಲೆ ಆಡಿಸಿ, "ಹಂಗಾದ್ರ ಸ್ಯಾಂಪಲ್ ತರಾಕ ಹೇಳು. ನಮ್ಮ ಗಾಳಾದಾಗ ನೋಡೂಣು. ಮಾಂತೂನೂ ಇರಲಿ, ಅಂಬಾರಾಯನೂ ಇರಲಿ," ಎಂದರು.

ಗಾಳಾ ಅಂದರೆ ಯಾರ್ಡಿನಲ್ಲಿರುವ ಅಂಗಡಿ. ಮುಂದೆ ಗಾದಿ, ಹಿಂದೆ ಗೋದಾಮು. ಮಾಂತು ಕಾಕಾ ನಮ್ಮಪ್ಪನ ಚಿಕ್ಕಪ್ಪನ ಮಗ, ಪಕ್ಕದ ಗಾಳಾದಲ್ಲಿ ಬೆಲ್ಲ ಮಾರುತ್ತಾರೆ. ಅಂಬಾರಾಯ ಕಾಕಾ ಕಲಬುರಗಿ ಕಡೆಯವರು, ಹಮಾಲರ ಮುಕಾದಮ. ಮೂವರಿಗೂ ಗಿಟಾರಿನ ಗಂಧಗಾಳಿ ಇಲ್ಲ. ಆದರೆ ಸ್ಯಾಂಪಲ್ ಅಂದರೆ ಸಾಕು, ಊಟ ಬಿಟ್ಟು ಬರುತ್ತಾರೆ.

ಪಿಕಪ್ ತರುವವರು ಕೃಷ್ಣಾಜಿ. ಪೇಟೆಯ ಓಣಿಯೊಂದರಲ್ಲಿ ಗಿಟಾರು ರಿಪೇರಿಯ ಸಣ್ಣ ಅಂಗಡಿ ಇಟ್ಟುಕೊಂಡವರು. ಅಕ್ಕಲಕೋಟೆಯ ಕಡೆಯವರಾದ್ದರಿಂದ ಕನ್ನಡ ಬರುತ್ತದೆ. ಮೆತ್ತಗಿನ ಮನುಷ್ಯ, ನಟ್ಟು ತಿರುಗಿಸುವ ಮುಂಚೆ ಗಿಟಾರಿಗೆ "ಸ್ವಲ್ಪ ತಡ್ಕೋ ಹಾಂ" ಅನ್ನುವಂಥವರು. ಭಾನುವಾರದ ಪರೀಕ್ಷೆಯ ವಿಷಯ, ಟ್ಯಾಂಬೊರಿನ್ನಿನ ವಿಷಯ ಎಲ್ಲ ಅವರಿಗೆ ಹೇಳಿದ್ದೆ. ನನಗಿಂತ ಹೆಚ್ಚು ಅವರೇ ನೊಂದುಕೊಂಡಿದ್ದರು.

ಯಾರ್ಡಿಗೆ ರಜೆ ಇದ್ದ ದಿನ ಅವರು ಸ್ಕೂಟರಿನ ಮೇಲೆ ತಮ್ಮ ಪರೀಕ್ಷಾ ಗಿಟಾರು ಹೇರಿಕೊಂಡು ಬಂದರು. ನೋಡಲು ಅದು ಚಪಾತಿ ಲಟ್ಟಿಸುವ ಮಣೆಗೆ ಹಿಡಿಕೆ ಹಚ್ಚಿದಂತಿತ್ತು. ಆದರೆ ಹಿಂಬದಿಯಲ್ಲಿ ಒಂದು ಖಾನೆ ಕೊರೆದಿದ್ದರು. ಡ್ರಾಯರಿನ ಹಾಗೆ ಒಂದು ಪಿಕಪ್ ಎಳೆದು ಇನ್ನೊಂದು ತಳ್ಳಬಹುದು. ಮೂಟೆಗಳ ನಡುವೆ ಆಂಪ್, ಅಂದರೆ ಗಿಟಾರಿನ ಸ್ಪೀಕರ್ ಪೆಟ್ಟಿಗೆ, ಇಟ್ಟೆವು. ಕೃಷ್ಣಾಜಿ ಒಳಗೆ ಕಾಲಿಟ್ಟದ್ದೇ ತಡ, ಮೆಣಸಿನಕಾಯಿಯ ಘಾಟಿಗೆ ಸೀನಲು ಸುರು ಮಾಡಿದರು.

"ಮೂರು ತಂದೀನ್ರಿ," ಎಂದರು ಸೀನುಗಳ ನಡುವೆ. "ಯಾವ್ದು ಯಾರ್ದು ಅಂತ ಹೇಳೂದಿಲ್ಲ. ಹೆಸರು ಕೇಳಿದ್ರ ಕಿವಿ ಕೆಡ್ತಾವ. ಸುಮ್ಮ ಕೇಳ್ರಿ, ಆರಿಸ್ರಿ."

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಮಂದಿ ತಮಗೆ ಬೇಕಾದ ಮಾಲನ್ನು ಎಂದೂ ಹೊಗಳುವುದಿಲ್ಲ. ಮನಸ್ಸಿಗೆ ಬಂದ ಮಾಲನ್ನು ಮಾರುವವನ ಎದುರಿಗೆ ಚೆನ್ನಾಗಿ ಬೈಯುತ್ತಾರೆ, ಮೂಗು ಮುರಿಯುತ್ತಾರೆ, ಎದ್ದು ಹೋಗುತ್ತಾರೆ. ಬೇಡವಾದದ್ದನ್ನು ಮಾತ್ರ ಬಾಯಿ ತುಂಬ ಹೊಗಳಿ ಬದಿಗಿಡುತ್ತಾರೆ. ಯಾರ್ಡಿನಲ್ಲಿ ಇದು ಮಾರುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ಬೈಗಳು ಜೋರಾದಷ್ಟೂ ಮಾರುವವನ ಮುಖ ಅರಳುತ್ತದೆ. ನಾನೂ ಅದೇ ಮನೆಯಲ್ಲಿ ಬೆಳೆದವಳು.

ಮೊದಲನೇ ಪಿಕಪ್ ಹಾಕಿದರು. ನಾನು ನನ್ನದೇ ಒಂದು ತುಣುಕು ಬಾರಿಸಿದೆ. ಮೆಲ್ಲಗೆ ಮೇಲೆ ಹತ್ತಿ, ಇಳಿಯುತ್ತದೆ ಅನ್ನುವಷ್ಟರಲ್ಲಿ ಇಳಿಯದೆ ಅಲ್ಲೇ ನಿಲ್ಲುವ ತುಣುಕು ಅದು. ವರ್ಷಗಟ್ಟಲೆ ಮನೆಯಲ್ಲಿ ತಿದ್ದಿ ತಿದ್ದಿ ಮಾಡಿದ್ದು. ಸದ್ದು ಸ್ವಚ್ಛವಾಗಿತ್ತು, ಸಪ್ಪಗಿತ್ತು.

"ಛಲೋ ಅದ, ಛಲೋ ಅದ," ಎಂದರು ಮಾಂತು ಕಾಕಾ. "ಇಡ್ರಿ ಬಾಜೂಕ."

"ಬಣ್ಣ ಭಾಳ ಛಲೋ," ಎಂದರು ಅಪ್ಪ, ಬಣ್ಣಕ್ಕೇ ಕೊಳ್ಳುವ ಮೆಣಸಿನಕಾಯಿಯ ಬಗ್ಗೆ ಹೇಳುವ ಧಾಟಿಯಲ್ಲಿ. ಅಂದರೆ ಖಾರ ಇಲ್ಲ ಅಂತ.

ಎರಡನೆಯದನ್ನು ಹಾಕಿದರು. ಅದೇ ತುಣುಕು ಎತ್ತಿಕೊಂಡೆ. ಆ ಸದ್ದು ನನ್ನ ಬೆರಳಿಂದ ಬಂದದ್ದೇ ಎಂದು ನನಗೇ ಅನುಮಾನ. ದಪ್ಪಗೆ, ಬೆಚ್ಚಗೆ, ತುದಿಯಲ್ಲಿ ಒಂದಿಷ್ಟು ಗರಕು ಗರಕು. ಕೊನೆಯ ಸ್ವರ ಮೂಟೆಗಳ ನಡುವೆ ನಿಂತೇ ಇತ್ತು. ಎಂಟು ವರ್ಷ ನನ್ನ ತಲೆಯೊಳಗೆ ಕೇಳುತ್ತಿದ್ದದ್ದು ಈಗ ಹೊರಗೆ ಕೇಳಿಸಿತು.

ಅಪ್ಪ ಹುಣಸೆಹಣ್ಣು ಕಚ್ಚಿದವರಂತೆ ಮುಖ ಮಾಡಿದರು.

"ಏನ್ ಕೃಷ್ಣಾಜಿ, ಇದನ್ನ ನಮಗ ತೋರಸಾಕ ತಂದೀರಿ? ತೊಟ್ಟು ಅದ, ಬೀಜ ಅದ, ಕಾಯಿನ ಇಲ್ಲ."

"ಮಳಿಗಾಲದಾಗ ತೊಯ್ದ ಮಾಲ ಇದು," ಎಂದರು ಮಾಂತು ಕಾಕಾ, ಕಿವಿ ಒರೆಸಿಕೊಳ್ಳುತ್ತ. "ನನ್ನ ಬೆಲ್ಲಕ್ಕ ಇರಿವಿ ಹತ್ತಿದ್ದಕ್ಕೂ ಇದಕ್ಕಿಂತ ಕಿಮ್ಮತ್ತದ."

ಅಂಬಾರಾಯ ಕಾಕಾ ಎಲ್ಲರಿಗಿಂತ ಮುಂದೆ ಹೋದರು. ಏನೂ ಮಾತಾಡದೆ ಎದ್ದು, ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡು, ಹೊರಗೆ ಹೋಗಿ ನಿಂತರು. ಯಾರ್ಡಿನಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ನಾನು ಸುಮ್ಮನಿರಬೇಕೇ? ಬೇಕು ಅನ್ನುವುದು ಮುಖದಲ್ಲಿ ಕಂಡರೆ ಕೆಟ್ಟಿತು ಎಂದುಕೊಂಡು, "ಹಳೇ ರೇಡಿಯೋ ಹಂಗ ಅದ ನೋಡ್ರಿ, ಸೆಲ್ ಮುಗಿದದ್ದು," ಎಂದೆ. ಅಪ್ಪ ನನ್ನ ಕಡೆ ಹೆಮ್ಮೆಯಿಂದ ನೋಡಿದರು. ವ್ಯಾಪಾರದಲ್ಲಿ ನನ್ನನ್ನು ಅವರು ಮೆಚ್ಚಿದ್ದು ಅದೇ ಮೊದಲು.

ಕೃಷ್ಣಾಜಿ ಮೂರನೆಯದನ್ನು ಹಾಕಿದರು. ಅದು ಬರೀ ಗದ್ದಲ. "ಭಾರೀ ಅದ! ಇದಕ್ಕ ಜೋಡಿ ಇಲ್ಲ!" ಎಂದು ಮೂವರೂ ಒಕ್ಕೊರಲಿನಿಂದ ಹೇಳಿ, ಯಾರೂ ಅದರ ಕಡೆ ತಿರುಗಿ ನೋಡಲಿಲ್ಲ.

ಈಗ ಕೃಷ್ಣಾಜಿ ನಗಬೇಕಾಗಿತ್ತು, ತಲೆ ಕೆರೆದುಕೊಳ್ಳಬೇಕಾಗಿತ್ತು, "ಬರ್ರಿ ಬರ್ರಿ, ಎಷ್ಟಕ್ಕ ಕೊಡ್ಲಿ ಹೇಳ್ರಿ" ಅನ್ನಬೇಕಾಗಿತ್ತು. ಅವರು ಎರಡನೇ ಪಿಕಪ್ಪನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಹತ್ತಿಯಲ್ಲಿ ಸುತ್ತಿ ತಗಡಿನ ಡಬ್ಬಿಯಲ್ಲಿಟ್ಟರು. ಕಣ್ಣಲ್ಲಿ ನೀರಿತ್ತು. ಮೆಣಸಿನಕಾಯಿ ಗಾಳಾದಲ್ಲಿ ಅದನ್ನು ಯಾರು ಗಮನಿಸುತ್ತಾರೆ?

"ಮೂರನೇ ಪಿಕಪ್ಪನ್ನ ಭಾನುವಾರದೊಳಗ ನಿಮ್ಮ ಗಿಟಾರಿಗೆ ಹಾಕಿ ಕೊಡ್ತೀನಿ," ಎಂದು ಹೇಳಿ ಗಿಟಾರು ಎತ್ತಿಕೊಂಡು ಹೊರಟರು.

"ಹೋಗ್ಲಿ, ಹೋಗ್ಲಿ," ಎಂದು ಅಪ್ಪ ನನ್ನ ಕೈ ಹಿಡಿದು ನಿಲ್ಲಿಸಿದರು. "ಚಹಾದ ಅಂಗಡಿ ತನಕ ಹೋಗಿ ಹೊಳ್ಳಿ ಬರ್ತಾನ."

ಕೃಷ್ಣಾಜಿ ಚಹಾದ ಅಂಗಡಿ ದಾಟಿದರು. "ಗೇಟಿನ ತನಕ," ಎಂದರು ಮಾಂತು ಕಾಕಾ. ಗೇಟನ್ನೂ ದಾಟಿದರು. "ಭಾಳ ಪಕ್ಕಾ ಮನುಷ್ಯ," ಎಂದು ಅಂಬಾರಾಯ ಕಾಕಾ ಮೆಚ್ಚಿಗೆಯಿಂದ ತಲೆದೂಗಿದರು. ಕತ್ತಲಾಗುವವರೆಗೂ ಗಾಳಾದ ಬಾಗಿಲು ತೆರೆದೇ ಕೂತೆವು. ಯಾರೂ ಬರಲಿಲ್ಲ.

ಮರುದಿನ ನಾನೇ ಫೋನು ಮಾಡಿದೆ. ಎರಡನೆಯದೇ ಬೇಕಾಗಿತ್ತು ಎಂದೆ.

"ಬ್ಯಾಡ್ರಿ ತಾಯಿ," ಎಂದರು ಕೃಷ್ಣಾಜಿ. "ನನ್ನ ಸಮಾಧಾನಕ್ಕ ಹೇಳಬ್ಯಾಡ್ರಿ. ಉಳಿದ ಎರಡು ಹೊರದೇಶದ್ದು. ನಡುವಿಂದು ನಾ ಕೈಯಿಂದ ಸುತ್ತಿದ್ದು. ಹೊಲಿಗಿ ಮಷೀನಿನ ಮೋಟರ ಮೇಲೆ ವರ್ಷಗಟ್ಟಲೆ ಸುತ್ತೀನಿ, ಬಿಚ್ಚೀನಿ, ಸುತ್ತೀನಿ. ಇದೊಂದು ಬರೋಬರ್ ಆತು ಅನಿಸಿತ್ತು. ನಾಕೂ ಮಂದಿ ಹಂಗ ಅಂದ ಮ್ಯಾಲ ಮುಗೀತಲ್ಲ. ಮಾಲು ಪರೀಕ್ಷಾ ಮಾಡೂದ್ರಾಗ ಕೂದಲಾ ಬೆಳ್ಳಗಾದವರು ಅವರು. ಇವತ್ತ ಸಂಜೀಗೆ ಅದನ್ನ ಬಿಚ್ಚಿ ಬಿಡ್ತೀನಿ."

ಫೋನಿಟ್ಟು ನಾನು ಮನೆಯಲ್ಲಿ ಕುಣಿದಾಡಿದ್ದು ಖುಷಿಗಲ್ಲ. ಅಪ್ಪನಿಗೆ ಬಾಯಿಗೆ ಬಂದಂತೆ ಅಂದೆ, ನನಗೂ ಅಂದುಕೊಂಡೆ. ಅಪ್ಪ ನಿಜವಾಗಿಯೂ ಗಾಬರಿಯಾಗಿದ್ದರು. "ಅಷ್ಟ ಬೈದ್ರೂ ತಿಳೀಲಿಲ್ಲೇನು ಅವಗ?" ಎಂದು ಮತ್ತೆ ಮತ್ತೆ ಕೇಳಿದರು.

ಅವ್ವ ಶಿವಬಸವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೊರಗೆ ಬಂದಳು. "ಹೋಗಿ ಛಲೋ ಅದ ಅಂತ ಹೇಳಿ ಬರ್ರಿ. ನಾಲಿಗಿ ಏನ್ ಸವೀತದ? ಲಗ್ನಾದಾಗಿಂದ ನನ್ನ ರೊಟ್ಟಿ ತಿಂತೀರಿ, ಒಂದ ದಿನಾ ಛಲೋ ಅಂದಿಲ್ಲ. ನಾ ಏನೋ ತಡಕೊಂಡೀನಿ. ಆ ಪಾಪದವ ಯಾಕ ತಡಕೋಬೇಕು?"

ಮಾಂತು ಕಾಕಾನ ಟೆಂಪೋದಲ್ಲಿ ಹೊರಟೆವು. ಮುಂದೆ ಕಾಕಾ ಮತ್ತು ಅಪ್ಪ, ನಡುವೆ ನಾನು. ಹಿಂದೆ ಬೆಲ್ಲದ ಪೆಂಟಿಗಳ ಜೊತೆ ಅಂಬಾರಾಯ ಕಾಕಾ. ದಾರಿಯುದ್ದಕ್ಕೂ ಹೊಗಳುವ ತಾಲೀಮು ಮಾಡಿಸಿದೆ.

"ಅನ್ರಿ ಅಪ್ಪಾ. ಭಾಳ ಛಲೋ ಅದ."

"ಭಾಳ ಛಲೋ ಅದ. ಆದ್ರ..."

"ಆದ್ರ ಬ್ಯಾಡ!"

"ಭಾಳ ಛಲೋ ಅದ." ಅಪ್ಪ ಉಗುಳು ನುಂಗಿದರು. "ಅಂದ್ರ, ಅದರ ಕಿಮ್ಮತ್ತಿಗೆ ನೋಡಿದ್ರ..."

"ಅಪ್ಪಾ!"

ಸ್ವಾರಗೇಟಿನ ಸಿಗ್ನಲ್ಲಿನಲ್ಲಿ ಅಪ್ಪನ ಹಣೆಯ ಮೇಲೆ ಬೆವರು ಒಡೆಯಿತು. ಮಾಂತು ಕಾಕಾ ಸ್ಟೇರಿಂಗ್ ಹಿಡಿದು ತಮ್ಮಷ್ಟಕ್ಕೆ ತಾವೇ "ಛಲೋ, ಛಲೋ" ಎಂದು ಗುನುಗುತ್ತಿದ್ದರು. ಪಕ್ಕದ ರಿಕ್ಷಾದವನು ತನಗೆ ಹೊರಡಲು ಹೇಳುತ್ತಿದ್ದಾರೆಂದು ತಿಳಿದು ಬೈದ.

ಅಂಗಡಿಯಲ್ಲಿ ಕೃಷ್ಣಾಜಿ ಎರಡನೇ ಪಿಕಪ್ಪಿನ ಮೇಲಿನ ಪಟ್ಟಿ ಬಿಚ್ಚಿ ಕೂತಿದ್ದರು. ಕನ್ನಡಕ ಹಣೆಗೇರಿಸಿ, ತಾಮ್ರದ ತಂತಿಯ ತುದಿ ಹುಡುಕುತ್ತಿದ್ದರು. ತುದಿ ಸಿಕ್ಕರೆ ಒಂದೇ ಎಳೆತ, ಆಮೇಲೆ ಏನೂ ಉಳಿಯುವುದಿಲ್ಲ.

"ತಡೀರಿ!" ಎಂದೆ. "ಅದು ನನಗ ಭಾಳ ಸೇರ್ತು. ಆಣಿ ಮಾಡಿ ಹೇಳ್ತೀನಿ."

"ಹಳೇ ರೇಡಿಯೋ ಅಂದವರು ನೀವ ಅಲ್ಲೇನ್ರಿ?" ಎಂದರು ಅವರು, ತಲೆ ಎತ್ತದೆ.

ಅಂಬಾರಾಯ ಕಾಕಾ ಧೈರ್ಯ ಮಾಡಿ ಮುಂದೆ ಬಂದರು. "ಅಷ್ಟೇನ್ ಕೆಟ್ಟಿಲ್ರಿ ಅದು," ಎಂದರು. ಅವರ ಆಯುಷ್ಯದಲ್ಲಿ ಆಡಿದ ಅತಿ ದೊಡ್ಡ ಹೊಗಳಿಕೆ ಅದು. ಕೃಷ್ಣಾಜಿಯ ತಲೆ ಇನ್ನಷ್ಟು ಬಗ್ಗಿತು.

"ಇದಕ್ಕಿಂತ ಕೆಟ್ಟ ಮಾಲ ಭಾಳ ನೋಡೀನಿ ನಾ," ಎಂದರು ಮಾಂತು ಕಾಕಾ, ಕೈ ಮುಗಿದು. ನಾನು ಅವರ ಕಾಲು ತುಳಿದೆ.

ತಂತಿಯ ತುದಿ ಸಿಕ್ಕಿತು. ಕೃಷ್ಣಾಜಿ ಅದನ್ನು ಉಗುರಿನಿಂದ ಮೆಲ್ಲಗೆ ಎತ್ತಿದರು.

"ನೋಡ್ರಿ," ಎಂದರು ಅಪ್ಪ. "ನಮ್ಮ ಹುಡುಗಿ ದಿನಾ ಸಂಜೀಗೆ ಮನ್ಯಾಗ ಅದನ್ನ ಬಾರಸ್ತಾಳ. ನಿನ್ನೆ ಬಾರಿಸಿದ್ಲಲ್ಲ, ಮ್ಯಾಲ ಹತ್ತತದ, ಇಳಿಯೂದ ಇಲ್ಲ, ಅದು. ನಾ ಬೆಲ್ ಒತ್ತಿದ್ರ ಆಕಿ ನಿಂದರಸ್ತಾಳ. ಅದಕ್ಕ ನಾ ಒತ್ತೂದಿಲ್ಲ. ಕಾಯಿಪಲ್ಲೆ ಚೀಲ ಹಿಡಕೊಂಡು ಬಾಗಿಲ ಹೊರಗ ನಿಂತಿರ್ತೀನಿ. ಬಾಜೂ ಮನಿಯವರು ಕೇಳಿದ್ರ ಕೀಲಿ ಹುಡಕಾಕ ಹತ್ತೀನಿ ಅಂತೀನಿ. ಎಷ್ಟ ವರ್ಷದಿಂದ ಹುಡಕಾಕ ಹತ್ತೀನಿ, ಪಾಪ, ಅವರು ಒಂದ ಕೀಲಿ ಗೊಂಚಲಾ ತಂದುಕೊಟ್ಟಾರ."

ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

"ಬಾಗಿಲ ಹೊರಗಿಂದ ಕೇಳಿದ್ರ ಅದು ಸಣ್ಣಗ ಕೇಳ್ತದ," ಎಂದು ಅಪ್ಪ ಮುಂದುವರಿಸಿದರು. "ಆದ್ರೂ ಒಳಗ ಏನೋ ದೊಡ್ಡದದ ಅಂತ ನನಗ ಗೊತ್ತಿತ್ತು. ಮೂಟಿ ಬಾಯಿ ಬಿಚ್ಚದನೂ ಒಳಗಿನ ಮಾಲು ತಿಳೀತದ ನನಗ. ನಿನ್ನೆ ನೀವು ಆ ನಡುವಿಂದು ಹಾಕಿದ್ರಿ ನೋಡ್ರಿ, ಆ ಬಾಗಿಲಾ ತೆರದಂಗಾತು. ನನ್ನ ಮಗಳು ಏನ್ ಬಾರಸ್ತಾಳಂತ ಮೊದಲನೇ ಸಲ ಪೂರಾ ಕೇಳಿದೆ. ಅಂಥಾ ಛಲೋ ಮಾಲು ಈ ಯಾರ್ಡಿನಾಗ ನಾ ಎಂದೂ ನೋಡಿಲ್ಲ. ಹತ್ತೂ ಊರಿನ ಸಂತ್ಯಾಗೂ ನೋಡಿಲ್ಲ. ನಿಮ್ಮ ಕೈ ಬಂಗಾರದ ಕೈ, ಕೃಷ್ಣಾಜಿ. ಅದನ್ನ ಬಿಚ್ಚಬ್ಯಾಡ್ರಿ."

ಒಮ್ಮೆ ಬಾಯಿ ಬಿಟ್ಟ ಅಪ್ಪನಿಗೆ ಆಮೇಲೆ ನಿಲ್ಲಿಸಲು ಬರಲಿಲ್ಲ. ತಂತಿಯನ್ನು ಹೊಗಳಿದರು, ಅಯಸ್ಕಾಂತವನ್ನು ಹೊಗಳಿದರು, ಹೊಲಿಗೆ ಮಷೀನನ್ನು ಹೊಗಳಿದರು, ಅಕ್ಕಲಕೋಟೆಯನ್ನು ಹೊಗಳಿದರು. ಕೃಷ್ಣಾಜಿ ಅಳುತ್ತಿದ್ದರು. ಈ ಸಲ ಹತ್ತಿರದಲ್ಲಿ ಮೆಣಸಿನಕಾಯಿ ಇರಲಿಲ್ಲ. ಅವರು ತಂತಿಯ ತುದಿಯನ್ನು ಮತ್ತೆ ಅಂಟಿಸಿ, ಪಟ್ಟಿ ಸುತ್ತಿ, ಹತ್ತಿಯಲ್ಲಿಟ್ಟು ಡಬ್ಬಿ ಮುಚ್ಚಿದರು. ಡಬ್ಬಿಯನ್ನು ಎದೆಗೊತ್ತಿಕೊಂಡರು.

"ಶಿವಪುತ್ರಪ್ಪಾ, ಇಷ್ಟ ಛಲೋ ಆಗೇದ ಅಂತ ನನಗ ತಿಳಿದಿರಲಿಲ್ಲ ನೋಡ್ರಿ," ಎಂದರು. "ಇಂಥಾದ್ದು ಈ ಕೈಯಿಂದ ಇನ್ನೊಮ್ಮೆ ಆಗೂದಿಲ್ಲ. ಇದನ್ನ ಮಾರೂದಿಲ್ರಿ ನಾ."

ಏನೇನು ಹೇಳಿದರೂ ಅವರು ಜಗ್ಗಲಿಲ್ಲ. ಮೂರನೆಯದನ್ನು ಪುಕ್ಕಟೆ ಕೊಡುತ್ತೇನೆ ಎಂದರು. ನನಗೆ ಬೇಡವಾಗಿತ್ತು.

ಟೆಂಪೋದ ಹತ್ತಿರ ಬಂದಾಗ ನಾನು ಅಳುತ್ತಿದ್ದೆ, ಸಿಟ್ಟಿನಲ್ಲಿ ನಗುತ್ತಲೂ ಇದ್ದೆ.

"ನೋಡಿದಿ?" ಎಂದರು ಅಪ್ಪ, ಸೋತ ಮುಖದಲ್ಲಿ. "ಇದಕ್ಕ ನೋಡು ನಾವು ಹೊಗಳೂದಿಲ್ಲ."

"ನಂಗ್ಯಾಕ ಒಂದ ದಿನಾ ಹೇಳಲಿಲ್ರಿ ಮತ್ತ? ನಾನೇನು ನೀವು ಕೊಳ್ಳೋ ಮಾಲೇನು?" ಎಂದು ಕೂಗಿದೆ. ಓಣಿಯ ಮಂದಿ ತಿರುಗಿ ನೋಡಿದರು.

ಅಪ್ಪ ಟೆಂಪೋದ ಬಾಗಿಲು ಹಿಡಿದುಕೊಂಡು ನಿಂತರು. "ಕೊಳ್ಳೂದಿದ್ರ ಬೈತೀವಿ, ಮಾರೂದಿದ್ರ ಹೊಗಳ್ತೀವಿ. ನಿನ್ನ ಮಾರೂದೂ ಇಲ್ಲ, ಕೊಳ್ಳೂದೂ ಇಲ್ಲ. ಏನ ಹೇಳಬೇಕವಾ ನಾನು?" ಎಂದರು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಭಾನುವಾರ ಹಳೆಯ ಸೊಳ್ಳೆಯನ್ನೇ ಹೆಗಲಿಗೇರಿಸಿಕೊಂಡು ಹಡಪಸರಕ್ಕೆ ಹೋದೆ. ಆಂಪ್ ಹೊರುವ ನೆಪದಲ್ಲಿ ಅಪ್ಪನೂ ಬಂದರು. ಕೋಣೆಯಲ್ಲಿ ರಕ್ಷಿತ ಟ್ಯಾಂಬೊರಿನ್ನನ್ನು ಸ್ಟೂಲಿನ ಮೇಲೆ ಸಿದ್ಧವಾಗಿ ಇಟ್ಟಿದ್ದಳು. ನಾನು ವೈರು ಸಿಕ್ಕಿಸುತ್ತಿದ್ದಾಗ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಬೆನ್ನಿಗೆ ಚಪಾತಿ ಮಣೆಯಂಥ ಗಿಟಾರು ಕಟ್ಟಿಕೊಂಡು ಕೃಷ್ಣಾಜಿ ಬಂದಿದ್ದರು.

"ಮಾರೂದಿಲ್ಲ ಅಂದೀನಿ, ಕೇಳೂದಿಲ್ಲ ಅಂದಿಲ್ಲ," ಎಂದರು. "ಅಂದು ಗಾಳಾದಾಗ ಸೀನೂದ್ರಾಗ ನೀವು ಬಾರಿಸಿದ್ದು ನನಗ ಸರಿಯಾಗಿ ಕೇಳಿಸಿಲ್ರಿ. ಶಿವಪುತ್ರಪ್ಪ ಅಷ್ಟೆಲ್ಲಾ ಹೇಳಿದ ಮ್ಯಾಲ ಅದನ್ನ ಕೇಳದ ನನಗ ಊಟಾ ಸೇರವಲ್ತು. ಒಮ್ಮೆ ಬಾರಸ್ರಿ."

"ಇದೇನೇ ಇದು, ಅಡುಗೆಮನೆಯಿಂದ ಎತ್ಕೊಂಡ್ ಬಂದ್ರಾ?" ಎಂದಳು ರಕ್ಷಿತ.

ನಾನು ಅವಳಿಗೆ ಉತ್ತರ ಕೊಡದೆ ಬಾರಿಸಿದೆ. ಗಾಳಾದಲ್ಲಿ ಮೂಟೆಗಳು ಸದ್ದು ಕುಡಿದಿದ್ದವು. ಇಲ್ಲಿ ಕೋಣೆಯ ಗೋಡೆಗಳು ಅದನ್ನು ನಮ್ಮ ಮೇಲೆ ಎಸೆದವು. ಮೇಲೆ ಹತ್ತಿ, ನಿಂತು, ಕೊನೆಯ ಸ್ವರ ಕೈಬಿಟ್ಟ ಮೇಲೂ ಹೋಗಲಿಲ್ಲ. ಕೆಳಗಿನ ಟೈರ್ ಅಂಗಡಿಯಲ್ಲಿ ಸುತ್ತಿಗೆ ಸದ್ದು ನಿಂತಿತ್ತು.

"ಸರಿ, ದೇವಾನಂದ ಬೇಡ," ಎಂದಳು ರಕ್ಷಿತ. "ತಳೇಗಾಂವಕ್ಕೆ ಇದೇ ಬೇಕು. ಅಂಕಲ್, ಇದನ್ನ ನಮಗೆ ಕೊಡ್ತೀರಾ?"

"ಗಿಟಾರು ಬರ್ತದ, ಅದರ ಕೂಡ ನಾನೂ ಬರ್ತೀನಿ," ಎಂದರು ಕೃಷ್ಣಾಜಿ. "ಸ್ಟೇಜಿನ ಮ್ಯಾಲ ಇದರ ಬಾಜೂಕ ಕೂಡ್ತೀನಿ. ಯಾರೂ ಮುಟ್ಟಬಾರದು ನೋಡ್ರಿ."

"ಸುಮ್ನೆ ಕೂತ್ರೆ ಚೆನ್ನಾಗಿರಲ್ಲ," ಎಂದು ರಕ್ಷಿತ ಟ್ಯಾಂಬೊರಿನ್ನನ್ನು ಅವರ ಕೈಗಿಟ್ಟಳು. ಅವರು ಅದನ್ನು ತಿರುವಿ ನೋಡಿ, ಸಡಿಲವಾಗಿದ್ದ ಒಂದು ಬಿಲ್ಲೆಯನ್ನು ಉಗುರಿನಿಂದ ಬಿಗಿ ಮಾಡಿದರು. ಆಮೇಲೆ ಗೋಡೆಗಾನಿಕೊಂಡು ನಿಂತಿದ್ದ ನಮ್ಮಪ್ಪನ ಕಡೆ ತಿರುಗಿದರು.

"ಹೆಂಗಿತ್ರಿ, ಶಿವಪುತ್ರಪ್ಪಾ?"

ಅಪ್ಪ ಹೊಗಳಿದರೆ ಕೃಷ್ಣಾಜಿ ಆ ಪಿಕಪ್ಪನ್ನು ಮನೆಗೆ ಒಯ್ದು ದೇವರ ಜಗಲಿಯ ಮೇಲೆ ಇಡುತ್ತಾರೆ. ಬೈದರೆ ಇವತ್ತೇ ಬಿಚ್ಚುತ್ತಾರೆ. "ಅಪ್ಪಾ, ಏನೂ ಅನಬ್ಯಾಡ್ರಿ," ಎಂದು ಕಣ್ಣಿನಲ್ಲೇ ಬೇಡಿಕೊಂಡೆ. ಇಷ್ಟು ವರ್ಷ ಅವರ ಬಾಯಿಂದ ಒಂದು ಒಳ್ಳೆಯ ಮಾತು ಬರಲಿ ಎಂದು ಕಾದವಳು ಈಗ ಬರದಿರಲಿ ಎಂದು ದೇವರಿಗೆ ಹರಕೆ ಹೊರುತ್ತಿದ್ದೆ.

ಅಪ್ಪ ಬಾಯಿ ತೆರೆದರು. ಮುಚ್ಚಿದರು. ಹುಣಸೆಹಣ್ಣಿನ ಮುಖ ಮಾಡಲು ಹೋದರು, ಬರಲಿಲ್ಲ. ಕಣ್ಣು ತುಂಬಿತ್ತು. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಆಂಪಿನ ಎದುರಿಗೆ ಎಳೆದುಕೊಂಡು, ಚಪ್ಪಲಿ ಕಳಚಿ ಬದಿಗಿಟ್ಟು, ಅದರ ಮೇಲೆ ಕೂತರು.

"ಸ್ನೇಹಲ್," ಎಂದರು, "ಇನ್ನೊಮ್ಮೆ ಬಾರಸವಾ."

ನಾನು ಬಾರಿಸಿದೆ.